ಬಯಲಿನ ವಾದ್ಯ, ಮಹಾವೃಂದದ ನಾದ

ಮೆರವಣಿಗೆಯ ಸಂಗೀತ ಹುಟ್ಟುವುದೇ ಬಯಲಿಗಾಗಿ. ಆಳಂದದ ಲಾಡ್ಲೆ ಮಶಾಯಕರ ಉರುಸಿರಲಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯನ ಪಲ್ಲಕ್ಕಿ ಸೇವೆಯಿರಲಿ, ಜೇವರ್ಗಿ ಸೀಮೆಯ ಊರೂರಿನ ತೇರಿರಲಿ, ಅಲ್ಲಿ ವಾದ್ಯದ ಮೊದಲ ಕೆಲಸ ದೂರದವರೆಗೆ ಕೇಳಿಸುವುದು. ನಯ, ನಾಜೂಕು ಎಲ್ಲ ಆಮೇಲೆ. ಹಲಗಿ, ನಗಾರಿ, ಸನಾದಿ, ಕಹಳೆಗಳ ದನಿ ಅಷ್ಟು ಗಟ್ಟಿಯಾಗಿರುವುದು ಅದಕ್ಕೇ. ಯುರೋಪಿನ ಅರಸರಿಗೂ ಈ ಗುಟ್ಟು ಗೊತ್ತಿತ್ತು. ಸುಮಾರು 1600ರಿಂದ 1750ರವರೆಗಿನ ಕಾಲವನ್ನು ಸಂಗೀತದ ಚರಿತ್ರೆಕಾರರು ಬರೋಕ್ ಯುಗ ಎನ್ನುತ್ತಾರೆ. ಆಗ ಪಟ್ಟಾಭಿಷೇಕಕ್ಕೆ, ಸಂಧಿಯ ಸಂಭ್ರಮಕ್ಕೆ, ರಾಣಿಯ ಶವಯಾತ್ರೆಗೆ ಬರೆಸಿದ ಸಂಗೀತದಲ್ಲೆಲ್ಲ ತುತ್ತೂರಿ, ಓಬೋ, ಜೋಡಿ ನಗಾರಿಗಳದ್ದೇ ದರ್ಬಾರು. ಇಪ್ಪತ್ತನೇ ಶತಮಾನ ಅದೇ ಸಂಗೀತವನ್ನು ಎತ್ತಿಕೊಂಡು ಸಭಾಂಗಣದ ದೊಡ್ಡ ಆರ್ಕೆಸ್ಟ್ರಾಕ್ಕೆ ಹೊಂದಿಸಿತು. ಆ ಕೆಲಸದ ಏಳುಬೀಳು ಭೀಮಾ ತೀರದವರಿಗೆ ಹೊರಗಿನ ಸಂಗತಿಯಲ್ಲ.

ಹೊರಗಿನದಲ್ಲ ಎನ್ನುವುದಕ್ಕೆ ಮೊದಲ ಸಾಕ್ಷಿ ನಗಾರಿಯೇ. ಪಾಶ್ಚಾತ್ಯ ಆರ್ಕೆಸ್ಟ್ರಾದ ಹಿಂಬದಿಯಲ್ಲಿ ಕೂರುವ ಟಿಂಪನಿ ಎಂಬ ತಾಮ್ರದ ಜೋಡಿ ವಾದ್ಯ ಪಶ್ಚಿಮ ಏಷ್ಯಾದ ನಕ್ಕಾರದ ವಂಶದ್ದು. ಧರ್ಮಯುದ್ಧಗಳ ಕಾಲದಲ್ಲಿ ಅದರ ಸಣ್ಣ ರೂಪ ಯುರೋಪಿಗೆ ಹೋಯಿತು. ಕುದುರೆಯ ಮೇಲೆ ಕಟ್ಟುವ ದೊಡ್ಡ ಜೋಡಿ ಆಮೇಲೆ ಹೋಯಿತು. ಅದೇ ನಕ್ಕಾರ ಸುಲ್ತಾನರ ಜೊತೆ ದಖನ್ನಿಗೂ ಬಂತು. ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹ (1580–1627) ಸಂಗೀತದ ಹುಚ್ಚಿನಲ್ಲಿ ‘ಕಿತಾಬ್‌–ಎ–ನವರಸ್‌’ ಬರೆಯುತ್ತಿದ್ದ ಕಾಲಕ್ಕೇ ಇಟಲಿಯಲ್ಲಿ ಮಾಂಟೆವೆರ್ಡಿ 1607ರಲ್ಲಿ ‘ಓರ್ಫಿಯೊ’ ಗೀತನಾಟಕ ಆಡಿಸಿದ. ಅದರ ಆರಂಭಕ್ಕೂ ತುತ್ತೂರಿಯ ಮೊಳಗೇ ಬೇಕಾಯಿತು. ಗೋಲಗುಮ್ಮಟದ ಮುಂದಿನ ನಗಾರಖಾನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ನೌಬತ್ತಿನ ಒಂದು ಸ್ವರವೂ ಬರಹದಲ್ಲಿ ನಮಗೆ ಉಳಿದು ಬಂದಿಲ್ಲ. ಈ ಲೇಖನದ ಕಳವಳವೂ ಅದೇ.

ಲಂಡನ್ನಿನದು ಉಳಿದಿದೆ. 1717ರ ಜುಲೈ 17ರಂದು ಒಂದನೇ ಜಾರ್ಜ್‌ ದೊರೆ ಥೇಮ್ಸ್‌ ನದಿಯಲ್ಲಿ ದೋಣಿವಿಹಾರ ಹೊರಟಾಗ, ಪಕ್ಕದ ದೋಣಿಯಲ್ಲಿ ಸುಮಾರು ಐವತ್ತು ಮಂದಿ ವಾದಕರು ಸಂಗೀತಕಾರ ಹ್ಯಾಂಡೆಲ್‌ನ ‘ವಾಟರ್ ಮ್ಯೂಸಿಕ್’ ನುಡಿಸಿದರು. ದೊರೆ ಅದನ್ನು ಮೂರು ಸಲ ನುಡಿಸಿಸಿ ಕೇಳಿದ. 1749ರ ಏಪ್ರಿಲ್ 27ರದು ಇನ್ನೂ ದೊಡ್ಡ ಸಂಭ್ರಮ. ಆಸ್ಟ್ರಿಯಾದ ಉತ್ತರಾಧಿಕಾರ ಯುದ್ಧ ಮುಗಿದ ಹಿಗ್ಗಿಗೆ ಗ್ರೀನ್ ಪಾರ್ಕಿನಲ್ಲಿ ಬಾಣಬಿರುಸು ಏರ್ಪಾಟಾಗಿತ್ತು. ಎರಡನೇ ಜಾರ್ಜ್‌ಗೆ ಪಿಟೀಲು ಬೇಡ, ದಂಡಿನ ವಾದ್ಯಗಳೇ ಬೇಕು. ಹ್ಯಾಂಡೆಲ್ 24 ಓಬೋ, 12 ಬಸೂನ್, 9 ತುತ್ತೂರಿ, 9 ಹಾರ್ನ್, 3 ಜೊತೆ ನಗಾರಿಗಳಿಗೆ ‘ಫೈರ್‌ವರ್ಕ್ಸ್‌’ ಸಂಗೀತ ಬರೆದುಕೊಟ್ಟ. ಅಂದು ಮದ್ದಿನ ಮಂಟಪದ ಒಂದು ಭಾಗಕ್ಕೆ ಬೆಂಕಿ ಹತ್ತಿತು. ಸಂಗೀತಕ್ಕೆ ಏನೂ ಆಗಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಅನಾಥ ಮಕ್ಕಳ ಆಸ್ಪತ್ರೆಯ ಸಹಾಯಾರ್ಥ ಕಚೇರಿಯಲ್ಲಿ, ಹ್ಯಾಂಡೆಲ್ ಪಿಟೀಲುಗಳನ್ನು ಸೇರಿಸಿ ಅದೇ ಕೃತಿ ನುಡಿಸಿದ. ಬಯಲಿನದನ್ನು ಒಳಾಂಗಣಕ್ಕೆ ಮೊದಲು ತಂದವನು ಕರ್ತೃವೇ. ಹಳೆಯದನ್ನು ಮುಟ್ಟಲೇಬಾರದು ಎಂದು ವಾದಿಸುವವರು ಇದನ್ನು ಮರೆಯಬಾರದು.

ಮುಂದೆ ಹ್ಯಾಂಡೆಲ್‌ನ ಸಂಗೀತವನ್ನು ಮುಟ್ಟಿದವರು ಬಹಳ. 1789ರಲ್ಲಿ ಮೊಜಾರ್ಟ್ ಹ್ಯಾಂಡೆಲ್‌ನ ‘ಮೆಸ್ಸಾಯ’ಕ್ಕೆ ತನ್ನ ಕಾಲದ ಕ್ಲಾರಿಯೊನೆಟ್, ಟ್ರೊಂಬೋನ್‌ಗಳನ್ನು ಸೇರಿಸಿದ. 1920ರ ದಶಕದ ಆರಂಭದಲ್ಲಿ ಮ್ಯಾಂಚೆಸ್ಟರಿನ ಹಾಲೆ ಆರ್ಕೆಸ್ಟ್ರಾದ ನಿರ್ದೇಶಕ ಹ್ಯಾಮಿಲ್ಟನ್ ಹಾರ್ಟಿ ‘ವಾಟರ್ ಮ್ಯೂಸಿಕ್’ ಮತ್ತು ‘ಫೈರ್‌ವರ್ಕ್ಸ್‌’ಗಳಿಂದ ಕೆಲವು ಭಾಗಗಳನ್ನು ಆಯ್ದು, ಪೂರ್ಣ ಆರ್ಕೆಸ್ಟ್ರಾಕ್ಕೆ ಹೊಸದಾಗಿ ಬರೆದ. ನಾಲ್ಕು ಹಾರ್ನ್, ತುಂಬು ತಂತಿವಾದ್ಯ, ಮೆಲ್ಲಗೆ ಏರಿ ಇಳಿಯುವ ದನಿ. ಅರ್ಧ ಶತಮಾನದವರೆಗೆ ಜನಕ್ಕೆ ಹ್ಯಾಂಡೆಲ್ ಎಂದರೆ ಹಾರ್ಟಿಯ ಹ್ಯಾಂಡೆಲ್. ವೃಂದನಿರ್ದೇಶಕ ಲಿಯೊಪೊಲ್ಡ್ ಸ್ಟೊಕೊವ್‌ಸ್ಕಿ ಇನ್ನೂ ಮುಂದೆ ಹೋಗಿ, ‘ಫೈರ್‌ವರ್ಕ್ಸ್‌’ ಧ್ವನಿಮುದ್ರಣದಲ್ಲಿ ಪಟಾಕಿಯ ಸದ್ದನ್ನೂ ಬೆರೆಸಿದ.

ಎದುರುತ್ತರ 1959ರಲ್ಲಿ ಬಂತು. ಅದು ಹ್ಯಾಂಡೆಲ್ ತೀರಿಕೊಂಡ ಇನ್ನೂರನೇ ವರ್ಷ. ವೃಂದನಿರ್ದೇಶಕ ಚಾರ್ಲ್ಸ್ ಮೆಕರಾಸ್ ಲಂಡನ್ನಿನ ಓಬೋ ವಾದಕರನ್ನೆಲ್ಲ ಅವರವರ ಕಚೇರಿ ಮುಗಿದ ಮೇಲೆ ರಾತ್ರಿ ಒಟ್ಟುಗೂಡಿಸಿ, 26 ಓಬೋಗಳೊಂದಿಗೆ ‘ಫೈರ್‌ವರ್ಕ್ಸ್‌’ನ ಪಿಟೀಲಿಲ್ಲದ ಮೂಲರೂಪವನ್ನು ಮುದ್ರಿಸಿದರು. ಅಲ್ಲಿಂದ ಗಾಳಿ ತಿರುಗಿತು. ಹಳೆಯ ವಾದ್ಯಗಳನ್ನೇ ಮತ್ತೆ ಮಾಡಿಸಿ ನುಡಿಸುವ ತಂಡಗಳು ಹುಟ್ಟಿಕೊಂಡವು, ಹಾರ್ಟಿಯ ರೂಪ ಹಿಂದೆ ಸರಿಯಿತು. ಇದು ಸಾಧ್ಯವಾದದ್ದು ಹ್ಯಾಂಡೆಲ್‌ನ ಸಂಗೀತ ಬರಹದಲ್ಲಿ ಸುರಕ್ಷಿತವಾಗಿದ್ದುದರಿಂದ. ಹಿಗ್ಗಿಸಿದವರಿಗೂ ಹಿಂದಿರುಗಿದವರಿಗೂ ಆಧಾರ ಅದೇ ಬರಹ.

ಇವೆರಡೂ ಅಲ್ಲದ ಮೂರನೇ ದಾರಿಯನ್ನು ಅಮೆರಿಕದ ಸಂಗೀತಕಾರ ಸ್ಟೀವನ್ ಸ್ಟಕಿ ತೋರಿಸಿದರು. 1695ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಎರಡನೇ ಮೇರಿ ರಾಣಿಯ ಅಂತ್ಯಸಂಸ್ಕಾರಕ್ಕೆ ಹೆನ್ರಿ ಪರ್ಸೆಲ್ ಸಂಗೀತ ಬರೆದ. ಅದೇ ವರ್ಷ ನವೆಂಬರಿನಲ್ಲಿ ಅವನೂ ತೀರಿಕೊಂಡ. 1992ರಲ್ಲಿ ಸ್ಟಕಿ ಅದನ್ನು ಲಾಸ್ ಏಂಜಲಿಸ್ ಫಿಲ್‌ಹಾರ್ಮೊನಿಕ್‌ಗಾಗಿ ಕೈಗೆತ್ತಿಕೊಂಡಾಗ ಪಿಟೀಲುಗಳನ್ನು ಪೂರಾ ಬಿಟ್ಟು, ಊದುವ ವಾದ್ಯ, ಬಡಿಯುವ ವಾದ್ಯ, ಪಿಯಾನೊ, ಹಾರ್ಪ್‌ಗಳಿಗೆ ಬರೆದರು. ಪರ್ಸೆಲ್‌ನ ಸ್ವರಗಳು ಕೆಲವೆಡೆ ಹಾಗೆಯೇ ಕೇಳುತ್ತವೆ, ಕೆಲವೆಡೆ ಮಂಜಿನಲ್ಲಿ ಕರಗುತ್ತವೆ. ಮುನ್ನೂರು ವರ್ಷದ ಅಂತರವನ್ನು ಮುಚ್ಚಿಡದೆ ಕೇಳಿಸುವ ಈ ರೀತಿ ಎಲ್ಲಕ್ಕಿಂತ ಪ್ರಾಮಾಣಿಕ.

ಜೇವರ್ಗಿಯ ಫುಟ್‌ಬಾಲ್ ಪ್ರಿಯ ಹುಡುಗರು ಕೂಡ ಬರೋಕ್ ಮಂಗಳವಾದ್ಯವನ್ನು ಕೇಳಿರುತ್ತಾರೆ. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಮುಂಚೆ ಮೊಳಗುವ ಗೀತೆ, 1727ರ ಪಟ್ಟಾಭಿಷೇಕಕ್ಕೆ ಹ್ಯಾಂಡೆಲ್ ಬರೆದ ‘ಝೇಡಕ್ ದ ಪ್ರೀಸ್ಟ್‌’ ಆಧರಿಸಿ ಟೋನಿ ಬ್ರಿಟನ್ 1992ರಲ್ಲಿ ಕಟ್ಟಿದ್ದು.

ಕನ್ನಡನಾಡಿನಲ್ಲಿ ಉತ್ಸವದ ಸಂಗೀತವನ್ನು ಪಾಶ್ಚಾತ್ಯ ವಾದ್ಯಗಳಿಗೆ ಹೊಂದಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮೈಸೂರಿನಲ್ಲಿ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಬಸಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನಗೀತೆ ‘ಕಾಯೌ ಶ್ರೀ ಗೌರಿ’ ಅರಮನೆಯ ಬ್ಯಾಂಡಿನ ಹಿತ್ತಾಳೆ ವಾದ್ಯಗಳಿಗೆ ಏರಿತು. ದಸರೆಯ ಖಾಸಗಿ ದರ್ಬಾರಿನಲ್ಲಿ ಪೊಲೀಸ್ ಬ್ಯಾಂಡ್ ಇವತ್ತಿಗೂ ಅದನ್ನು ನುಡಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಪಾಶ್ಚಾತ್ಯ ವೃಂದವನ್ನು ಒಟ್ಟೊ ಶ್ಮಿಟ್ ಅವರ ಕೈಗೆ ಕೊಟ್ಟರು. ಇಂಗ್ಲಿಷ್ ಬ್ಯಾಂಡಿನ ಜೊತೆಗೆ, ಪಾಶ್ಚಾತ್ಯ ವಾದ್ಯಗಳಲ್ಲೇ ಕೃತಿ ಕೀರ್ತನೆ ನುಡಿಸುವ ಕರ್ನಾಟಕ ಬ್ಯಾಂಡೂ ಅಲ್ಲಿ ಬೆಳೆಯಿತು. ಜಯಚಾಮರಾಜ ಒಡೆಯರ ಕೈ ಲಂಡನ್ನಿನವರೆಗೂ ಚಾಚಿತ್ತು: 1948ರಲ್ಲಿ ಅವರು ಫಿಲ್‌ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಸಿದ್ದು ಅವರ ನೆರವಿನಿಂದಲೇ.

ಆ ಬ್ಯಾಂಡುಗಳ ಫಲ ಅರಮನೆಯ ಆಚೆಗೂ ಹಬ್ಬಿತು. ಬಂಟ್ವಾಳ ಸೀಮೆಯ ನಾಗಸ್ವರ ಮನೆತನದ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದ. ಅವರೇ ಕದ್ರಿ ಗೋಪಾಲನಾಥ್. 1994ರಲ್ಲಿ ಅದೇ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರು ಕರ್ನಾಟಕ ಸಂಗೀತ ನುಡಿಸಿದರು. ದೇವಸ್ಥಾನದ ಮಂಗಳವಾದ್ಯದ ಗಮಕ ಬೆಲ್ಜಿಯಂ ಮೂಲದ ಹಿತ್ತಾಳೆ ಕೊಳವೆಯೊಳಗೆ ಸೇರಿ ಅಲ್ಲಿ ಮೊಳಗಿತು.

ಉತ್ತರ ಕರ್ನಾಟಕದ ಸನಾದಿಗೆ ಇಂಥ ರಾಜಾಶ್ರಯ ಸಿಗಲಿಲ್ಲ. ಸಿನಿಮಾ ಕೈ ಹಿಡಿಯಿತು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ಪಾತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು, ಜಿ.ಕೆ. ವೆಂಕಟೇಶ್ ಅದರ ಸುತ್ತ ವಾದ್ಯವೃಂದ ಕಟ್ಟಿದರು. ಮದುವೆ ಚಪ್ಪರದ ವಾದ್ಯ ನಾಡಿನ ಎಲ್ಲ ಊರುಗಳ ಟಾಕೀಸುಗಳಲ್ಲಿ ಮೊಳಗಿತು. ಚಪ್ಪರದಲ್ಲಿ ಮಾತ್ರ ಬೇರೆಯೇ ಬದಲಾವಣೆ ನಡೆದಿತ್ತು. ದಂಡಿನ ಬ್ಯಾಂಡುಗಳ ಮಾದರಿಯಲ್ಲಿ ಹುಟ್ಟಿದ ಬ್ಯಾಂಡ್ ಬಾಜಾ ಕಲಬುರಗಿ ಸೀಮೆಯ ಮೆರವಣಿಗೆಗಳನ್ನೂ ಹೊಕ್ಕಿತು. ಸನಾದಿಯ ಜಾಗಕ್ಕೆ ಕ್ಲಾರಿಯೊನೆಟ್, ಕಹಳೆಯ ಜಾಗಕ್ಕೆ ಟ್ರಂಪೆಟ್, ನಗಾರಿಯ ಜಾಗಕ್ಕೆ ಸೈಡ್ ಡ್ರಮ್. ಈಗ ಅವನ್ನೂ ಡಿಜೆ ದೂಡುತ್ತಿದೆ.

ಇಲ್ಲಿನ ಉತ್ಸವದ ನಾದವನ್ನು ದೊಡ್ಡ ಆರ್ಕೆಸ್ಟ್ರಾಕ್ಕೆ ಹೊಂದಿಸುವುದು ಹ್ಯಾಂಡೆಲ್‌ನನ್ನು ಹೊಂದಿಸಿದಷ್ಟು ಸಲೀಸಲ್ಲ. ಹ್ಯಾಂಡೆಲ್‌ನ ಹಾಳೆಯಲ್ಲಿ ಹಲವು ಸ್ವರಸಾಲುಗಳು ಒಟ್ಟಿಗೇ ನಡೆಯುತ್ತವೆ. ಹಾರ್ಟಿ ಅವನ್ನು ಹೆಚ್ಚು ವಾದ್ಯಗಳಿಗೆ ಹಂಚಿದರೆ ಸಾಕಿತ್ತು. ಸನಾದಿಯದು ಒಂದೇ ಎಳೆ, ಕೆಳಗೆ ಕಡಿಯದ ಶ್ರುತಿ, ಜೊತೆಗೆ ಲಯ. ಆ ಎಳೆಗೆ ಪಾಶ್ಚಾತ್ಯ ರೀತಿಯ ಸ್ವರಗುಚ್ಛ ಜೋಡಿಸಿದ ಕೂಡಲೇ ರಾಗದ ಮುಖ ಬದಲಾಗುತ್ತದೆ. 1952ರಲ್ಲಿ ಪಂಡಿತ ರವಿಶಂಕರರ ಮುಂದಾಳತ್ವದಲ್ಲಿ ಆಕಾಶವಾಣಿ ಕಟ್ಟಿದ ವಾದ್ಯವೃಂದ ಬೇರೆ ಹಾದಿ ಹುಡುಕಿತು: ರಾಗದ ಎಳೆಯನ್ನು ಒಂದು ವಾದ್ಯದಿಂದ ಇನ್ನೊಂದಕ್ಕೆ ದಾಟಿಸುವುದು, ಮೇಲಿನ ಕೆಳಗಿನ ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವುದು. ಸನಾದಿ, ನಗಾರಿಗಳಿಗೆ ಒಪ್ಪುವುದು ಇದೇ ಹಾದಿ. ದೊಡ್ಡ ಆರ್ಕೆಸ್ಟ್ರಾದ ಬೇಸ್ ಪಿಟೀಲುಗಳು ಶ್ರುತಿ ಹಿಡಿಯಬಲ್ಲವು, ಓಬೋ ಸನಾದಿಯ ಹತ್ತಿರದ ನೆಂಟ, ಟಿಂಪನಿಯಂತೂ ನಗಾರಿಯದೇ ಕುಲ. ಹಲಗಿಗೆ ಮಾತ್ರ ಬದಲಿ ವಾದ್ಯವಿಲ್ಲ. ಹಲಗಿಯವರನ್ನೇ ವೇದಿಕೆಗೆ ಕರೆಯಬೇಕು, ಮುಂದಿನ ಸಾಲಿನಲ್ಲಿ ಕೂರಿಸಬೇಕು.

ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಲಂಡನ್ ತನ್ನ ಬಾಣಬಿರುಸಿನ ಸಂಗೀತವನ್ನು ಬೇಕಾದಾಗ ಹಿಗ್ಗಿಸಿ, ಬೇಡವಾದಾಗ ಮೂಲಕ್ಕೆ ಮರಳಬಲ್ಲದು. ನಮ್ಮಲ್ಲಿ ನುಡಿಸುವವರು ಹೋದರೆ ಮರಳಲು ಮೂಲವೇ ಇರುವುದಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಗಾಣಗಾಪುರ, ಜೇವರ್ಗಿ ಅಲ್ಲಿಗೆ ದೂರದ ಊರುಗಳಲ್ಲ. ಉರುಸು, ಪಲ್ಲಕ್ಕಿ, ಮೊಹರಂ, ತೇರು, ಮದುವೆಗಳಲ್ಲಿ ಇಂದಿಗೂ ಊದುವ, ಬಾರಿಸುವ ಹಿರಿಯರನ್ನು ಅದರ ಅಧ್ಯಾಪಕರೂ ವಿದ್ಯಾರ್ಥಿಗಳೂ ಹುಡುಕಿಕೊಂಡು ಹೋಗಲಿ. ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಪ್ರತಿಯೊಂದು ನಡೆಯನ್ನೂ ಅದು ನುಡಿಯುವ ಸಂದರ್ಭದ ಸಮೇತ ಧ್ವನಿಮುದ್ರಿಸಿ, ಸ್ವರ ತಾಳ ಹಾಕಿ ಬರೆದಿಡಲಿ. ಆರ್ಕೆಸ್ಟ್ರಾಕ್ಕೆ ಹೊಂದಿಸುವ ಸಂಗೀತಗಾರರು ಆ ಬರಹವನ್ನು ಕೈಯಲ್ಲಿ ಹಿಡಿದು ಕೆಲಸ ಶುರು ಮಾಡಲಿ.