‘ಮೈಸೂರು’ ನೌಕೆಯ ಎರಡು ಜನ್ಮಗಳು

ಬೇವೂರಿಗೆ ಸಮುದ್ರ ದೂರ, ಐಹೊಳೆ ಹತ್ತಿರ. ಅಲ್ಲಿಯ ಮೇಗುತಿ ಗುಡಿಯ ಕ್ರಿ.ಶ. 634ರ ಶಾಸನದಲ್ಲಿ, ಇಮ್ಮಡಿ ಪುಲಿಕೇಶಿಯ ನೂರಾರು ಹಡಗುಗಳು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಸಂಗತಿಯನ್ನು ರವಿಕೀರ್ತಿ ಹೇಳಿದ್ದಾನೆ. ಅದೇ ಸಮುದ್ರದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಹೆಸರು ಹೊತ್ತು ಸಂಚರಿಸಿದ ಸಮರನೌಕೆಯೊಂದಿತ್ತು. ಅದು ಹುಟ್ಟಿದಾಗ ಅದರ ಹೆಸರೂ ಬೇರೆ, ಧ್ವಜವೂ ಬೇರೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1939ರ ಜುಲೈ 18ರಂದು ನೀರಿಗಿಳಿದ ಆ ಹಡಗಿನ ಹೆಸರು ‘ನೈಜೀರಿಯಾ’. ಅದು ಕ್ರೂಸರ್ ವರ್ಗದ್ದು. ಎಂದರೆ ಕಾವಲು ಕಾಯುವ ಫ್ರಿಗೇಟ್‌ಗಿಂತ ದೊಡ್ಡದು, ಆರು ಅಂಗುಲದ ತೋಪುಗಳುಳ್ಳದ್ದು. 1941ರ ಜೂನ್‌ನಲ್ಲಿ ಉತ್ತರ ಸಮುದ್ರಗಳಲ್ಲಿ ಜರ್ಮನರ ಹವಾಮಾನ ವೀಕ್ಷಣೆಯ ಹಡಗು ‘ಲೌಯೆನ್‌ಬರ್ಗ್’ ಅನ್ನು ಹಿಡಿದ ತಂಡದಲ್ಲಿ ಇದೂ ಇತ್ತು. ಅಲ್ಲಿ ಸಿಕ್ಕ ಕಾಗದಪತ್ರಗಳು ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಬಿಡಿಸಲು ನೆರವಾದವು. ಮರುವರ್ಷ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಆಹಾರ, ಇಂಧನ ಒಯ್ಯುತ್ತಿದ್ದ ಹಡಗುಗಳ ಬೆಂಗಾವಲಿಗಿದ್ದಾಗ, ಇಟಲಿಯ ‘ಆಕ್ಸಮ್’ ಜಲಾಂತರ್ಗಾಮಿಯ ಟಾರ್ಪಿಡೊ ಇದಕ್ಕೆ ಬಡಿಯಿತು. 52 ಮಂದಿ ಸತ್ತರು. ಹಡಗು ಮುಳುಗಲಿಲ್ಲ, ಅಮೆರಿಕದಲ್ಲಿ ದುರಸ್ತಿಗೊಂಡು ಮತ್ತೆ ಯುದ್ಧಕ್ಕೆ ಬಂತು.

ಸ್ವತಂತ್ರ ಭಾರತಕ್ಕೆ ನೌಕಾಪಡೆ ಬೇಕಿತ್ತು. ಇಂಥ ಹಡಗು ಕಟ್ಟುವ ಸೌಕರ್ಯ ಇಲ್ಲಿರಲಿಲ್ಲ. 1954ರಲ್ಲಿ ‘ನೈಜೀರಿಯಾ’ವನ್ನು ಕೊಂಡು, ಬರ್ಕನ್‌ಹೆಡ್‌ನಲ್ಲಿ ನವೀಕರಿಸಿ, 1957ರ ಆಗಸ್ಟ್ 29ರಂದು ‘ಮೈಸೂರು’ ಎಂದು ಸೇವೆಗೆ ಸೇರಿಸಲಾಯಿತು. ಲಾಂಛನವಾಗಿ ಗಂಡಭೇರುಂಡ ಬಂತು. ಅಂದಿಗೆ ನಮ್ಮ ರಾಜ್ಯದ ಹೆಸರೂ ಮೈಸೂರೇ.

ಹಡಗಿನ ಹಿಂಭಾಗದಲ್ಲಿ ಹಾರುವ ನೌಕಾಧ್ವಜವನ್ನು ಮಾತ್ರ ವಿದ್ಯಾರ್ಥಿಗಳು ಸ್ವಲ್ಪ ನಿಂತು ನೋಡಬೇಕು. 1950ರಲ್ಲಿ ಅದರ ಮೂಲೆಗೆ ತ್ರಿವರ್ಣ ಬಂದಿತ್ತಾದರೂ ಬ್ರಿಟಿಷರ ಕಾಲದ ಕೆಂಪು ಶಿಲುಬೆ ಹಾಗೆಯೇ ಉಳಿದಿತ್ತು.

1961ರ ನವೆಂಬರ್‌ನಲ್ಲಿ, ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು ಹಾರಿಸಿದ ಗುಂಡಿಗೆ ಭಾರತೀಯ ಮೀನುಗಾರನೊಬ್ಬ ಬಲಿಯಾದ. ಡಿಸೆಂಬರ್ 18ರಂದು ದ್ವೀಪವನ್ನು ವಶಪಡಿಸುವ ಕೆಲಸ ‘ಮೈಸೂರು’ ಮತ್ತು ಫ್ರಿಗೇಟ್ ‘ತ್ರಿಶೂಲ’ಗಳ ಪಾಲಿಗೆ ಬಂತು. ದಡಕ್ಕಿಳಿದ ನಾವಿಕರ ಮೇಲೆ ಗುಂಡಿನ ಮಳೆಯಾಯಿತು; ನಮ್ಮವರು 7 ಮಂದಿ ಮಡಿದರು. ಕೊನೆಗೆ ಪೋರ್ಚುಗೀಸರು ಶರಣಾದರು. ಗೋವೆಯಲ್ಲಿ ಒಂದು ವಸಾಹತುಶಾಹಿಯನ್ನು ಮುಗಿಸಲು ಹೊರಟ ಹಡಗು ಇನ್ನೊಂದರ ಕುರುಹನ್ನು ಹೊತ್ತೇ ಹೋಗಿತ್ತು! ಇದನ್ನು ಅವಮಾನವೆನ್ನಲು ನನ್ನ ಮನಸ್ಸು ಒಪ್ಪದು. ಯಾರ ಆಜ್ಞೆಯಂತೆ ಹಡಗು ತಿರುಗುತ್ತದೆ ಎಂಬುದೇ ಮುಖ್ಯ. ಅದು ಆಗಲೇ ಬದಲಾಗಿತ್ತು.

1971ರ ಯುದ್ಧದಲ್ಲಿ ಇದು ಪಶ್ಚಿಮ ನೌಕಾಪಡೆಯ ದಳಪತಿಯ ಹಡಗು. 1985ರ ಆಗಸ್ಟ್ 20ರಂದು ನಿವೃತ್ತವಾಯಿತು.

ಅದೇ ಹೆಸರಿನ ಎರಡನೆಯ ನೌಕೆ ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣಗೊಂಡು 1999ರಲ್ಲಿ ಸೇವೆಗೆ ಬಂತು. ನೌಕಾಧ್ವಜದಿಂದ ಶಿಲುಬೆ 2001ರಲ್ಲಿ ಹೋಯಿತು, 2004ರಲ್ಲಿ ಮರಳಿತು, 2022ರಲ್ಲಿ ಮತ್ತೆ ಹೋಯಿತು. ಇದನ್ನೆಲ್ಲ ಆ ಒಂದೇ ಹಡಗು ಕಂಡಿದೆ.