ಕಿಡಿ ಹುಟ್ಟಿಸುವ ಪೆಟ್ಟಿಗೆ



ಬಾಬುರಾಯನಕೊಪ್ಪಲಿನಿಂದ ಮೈಸೂರಿನತ್ತ ಹೊರಟರೆ, ಶ್ರೀರಂಗಪಟ್ಟಣ ದಾಟಿದ ಮೇಲೆ ‘ಪಯಣ’ ಎಂಬ ವಾಹನ ಸಂಗ್ರಹಾಲಯವಿದೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳು 2023ರಿಂದ ಅಲ್ಲಿ ಪ್ರದರ್ಶನದಲ್ಲಿವೆ. ನೋಡುವವರ ಕಣ್ಣು ಬಣ್ಣ, ದೀಪ, ಚಕ್ರಗಳ ಮೇಲಿರುವುದು ಸಹಜ. ಆದರೆ ಇಂತಹ ಕಾರು ಉಸಿರಾಡಬೇಕಾದರೆ ಕಣ್ಣಿಗೆ ಬೀಳದ ಒಂದು ವಸ್ತು ಸುಸ್ಥಿತಿಯಲ್ಲಿರಬೇಕು. ಅದೇ ಇಗ್ನಿಷನ್ ಕಾಯಿಲ್.

1831ರಲ್ಲಿ ಫ್ಯಾರಡೆ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲ. 1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದೂ ಅದೇ ತತ್ತ್ವ. ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವೇ ಸುತ್ತು, ತೆಳು ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯ ಪ್ರವಾಹವನ್ನು ಥಟ್ಟನೆ ಕಡಿದರೆ ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ‘ಟಿ’ ಕಾರಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್, ಒಂದೊಂದಕ್ಕೂ ಮರದ ಪೆಟ್ಟಿಗೆ. ಅದರ ತಲೆಯ ಮೇಲೆ ಶಾಲೆಯ ವಿದ್ಯುತ್ ಗಂಟೆಯಂತೆ ಝೇಂಕರಿಸುವ ಕಂಪಕ. 1912ರ ಕ್ಯಾಡಿಲಾಕ್‌ಗೆ ಕೆಟರಿಂಗ್ ಒಂದೇ ಕಾಯಿಲ್ ಸಾಕೆಂದು ತೋರಿಸಿದ್ದರೂ ಫೋರ್ಡ್ ‘ಟಿ’ ಕೊನೆಯವರೆಗೂ ನಾಲ್ಕನ್ನು ಬಿಡಲಿಲ್ಲ. ಹಠವೆನ್ನಿ, ಮಿತವ್ಯಯವೆನ್ನಿ!

ಈ ಕಾಯಿಲ್ ಕೆಟ್ಟಾಗ ತಂತಿ ಸುಟ್ಟಿತೆಂದು ಎಸೆಯುವವರೇ ಹೆಚ್ಚು. ಅನೇಕ ವೇಳೆ ತಂತಿ ಚೆನ್ನಾಗಿಯೇ ಇರುತ್ತದೆ. ಸತ್ತಿರುವುದು ಜೊತೆಯ ಕಂಡೆನ್ಸರ್. ಮೇಣ ಸವರಿದ ಕಾಗದ, ಲೋಹದ ಹಾಳೆಗಳಿಂದ ಮಾಡಿದ ಅದು ವರ್ಷಗಳು ಕಳೆದಂತೆ ತೇವ ಹೀರಿ ವಿದ್ಯುತ್ತನ್ನು ಸೋರಿಸುತ್ತದೆ. ಆಗ ಕಿಡಿ ಕ್ಷೀಣಿಸಿ, ಕಂಪಕದ ತುದಿಗಳು ಸುಡುತ್ತವೆ. ಬಲ್ಲವರು ಪೆಟ್ಟಿಗೆಯ ಹಲಗೆ ಜಾರಿಸಿ, ಒಳಗೆ ಸುರಿದ ಡಾಂಬರನ್ನು ತಾಳ್ಮೆಯಿಂದ ಕೆರೆದು, ಎಳೆಯಷ್ಟು ತೆಳುವಾದ ತಂತಿ ತುಂಡಾಗದಂತೆ ಹಳೆಯ ಕಂಡೆನ್ಸರ್ ತೆಗೆದು, ಸುಮಾರು 0.47 ಮೈಕ್ರೋಫ್ಯಾರಡ್‌ನ ಹೊಸದನ್ನು ಬೆಸೆಯುತ್ತಾರೆ.

ಇಷ್ಟು ಶ್ರಮವೇಕೆ, ಹೊಸ ಎಲೆಕ್ಟ್ರಾನಿಕ್ ಉಪಕರಣವನ್ನು ಒಳಗೆ ಅಡಗಿಸಬಾರದೇ ಎನ್ನುವವರಿದ್ದಾರೆ. ಕಾರು ಓಡೀತು, ನಿಜ. ಆದರೆ ಆ ಝೇಂಕಾರವಿಲ್ಲದ ‘ಟಿ’ಯನ್ನು ನಾನಂತೂ ಅರ್ಧ ಕಾರೆಂದೇ ಎಣಿಸುತ್ತೇನೆ.

ಬೆಸುಗೆಯಾದ ಮೇಲೂ ಕೆಲಸ ಮುಗಿಯದು. ಕೈಯಿಂದ ತಿರುಗಿಸುವ ಪರೀಕ್ಷಾ ಯಂತ್ರದಲ್ಲಿ ಕೂರಿಸಿ, ಸುಮಾರು 1.3 ಆಂಪಿಯರ್‌ನಲ್ಲಿ ಒಂದೂ ಕಿಡಿ ತಪ್ಪದಂತೆ ಕಂಪಕದ ಬಿಗಿಯನ್ನು ಹೊಂದಿಸಬೇಕು. ನಾಲ್ಕೂ ಪೆಟ್ಟಿಗೆಗಳು ಒಂದೇ ಹದಕ್ಕೆ ಬರದಿದ್ದರೆ ಎಂಜಿನ್ ಕುಂಟುತ್ತದೆ.