ಮೊಳೆ ಜೋಡಿಸುವವರ ಕಣ್ಣು

ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆಯಬೇಕೆಂಬ ಯೋಚನೆಯನ್ನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿಯ ತಲೆಗೆ ಹಾಕಿದವನು ಕಕ್ಕಸುಗುಂಡಿ ಬಳಿಯುವ ಒಬ್ಬ ಕೂಲಿಯವನು. ಮೊಡೆನಾ ಊರಿನಲ್ಲಿ ವೈದ್ಯನ ಮನೆಯ ಗುಂಡಿಯನ್ನು ಅವನು ಉಸಿರುಗಟ್ಟಿ ಖಾಲಿ ಮಾಡುತ್ತಿದ್ದ. ಇಷ್ಟೇಕೆ ಅವಸರ ಎಂದು ಕೇಳಿದರೆ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇದರೊಳಗಿದ್ದರೆ ಕಣ್ಣು ಹೋದ ಹಾಗೆಯೇ ಅಂದ. ಅವನ ಕಣ್ಣು ಕೆಂಪೇರಿ ಮಂಜಾಗಿತ್ತು. ಮನೆಗೆ ಹೋಗಿ ಕತ್ತಲೆ ಕೋಣೆಯಲ್ಲಿ ಕೂತು ಉಗುರುಬೆಚ್ಚಗಿನ ನೀರಿನಲ್ಲಿ ಕಣ್ಣು ತೊಳೆದುಕೊಳ್ಳುವುದೇ ಮದ್ದು. ರಾಮಾಜಿನಿಯ ಪುಸ್ತಕ 1700ರಲ್ಲಿ ಬಂತು.

1713ರಲ್ಲಿ ಅದನ್ನು ಹಿಗ್ಗಿಸಿದಾಗ ಆತ ಅಚ್ಚುಮನೆಯವರಿಗೂ ಒಂದು ಅಧ್ಯಾಯ ಸೇರಿಸಿದ. ದಿನವಿಡೀ ಕಪ್ಪು ಅಚ್ಚುಮೊಳೆಗಳನ್ನೇ ನೋಡುವವರಿಗೆ ಕೆಲಸ ಬಿಟ್ಟ ಮೇಲೂ ಅಕ್ಷರಗಳು ಕಣ್ಣ ಮುಂದೆ ಉಳಿಯುತ್ತವೆ, ರಾತ್ರಿಯೂ ಬಿಡುವುದಿಲ್ಲ ಎಂದು ಬರೆದಿದ್ದಾನೆ. ನಾನಿದನ್ನು ಓದಿದ್ದು ನಿವೃತ್ತನಾದ ಮೇಲೆ. ನಮ್ಮ ಅಚ್ಚುಮನೆಯಲ್ಲಿ ಕಂಪೋಸಿಂಗ್ ಕಲಿಯಲು ಸೇರಿದ ಹುಡುಗರೆಲ್ಲ ಮೊದಲ ವಾರ ಹೇಳುತ್ತಿದ್ದ ದೂರು ಅದೇ: ಮಲಗಿದರೆ ‘ಕ್ಷ’ ಕಾಣುತ್ತದೆ ಸಾರ್, ಅದೂ ತಲೆಕೆಳಗಾಗಿ.

ನಾನು ಮೊಳೆ ಜೋಡಿಸಿದೆ, ಆಮೇಲೆ ಕರಡು ತಿದ್ದಿದೆ, ಕೊನೆಗೆ ಕಂಪ್ಯೂಟರಿನ ಮುಂದೆ ಪುಟ ಕಟ್ಟಿದೆ. ಹಾಗಾಗಿ ಈ ಕಸುಬು ಕಣ್ಣಿಗೆ ಏನು ಮಾಡಿತೆಂದು ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಪ್ರೆಸ್ ಶುರು ಮಾಡಿದಾಗ ಅದು ಕಲ್ಲಚ್ಚು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಅಚ್ಚಾದದ್ದು ಹಾಗೆ. ಕಲ್ಲಿನ ಮೇಲೆ ಬರೆಯುವವನ ಕಣ್ಣಿಗೆ ಕೆಲಸ. ಮೊಳೆ ಬಂದ ಮೇಲೆ ಕಷ್ಟ ಕಂಪೋಸಿಟರನಿಗೆ ವರ್ಗವಾಯಿತು. 1894ರಲ್ಲಿ ಅದೇ ಪ್ರೆಸ್ಸಿನಿಂದ ಹೊರಬಂದ ಕಿಟ್ಟೆಲ್ ನಿಘಂಟನ್ನು ತೆರೆದು ನೋಡಿ. 1,700ಕ್ಕೂ ಹೆಚ್ಚು ಪುಟ, ಸಣ್ಣಕ್ಷರ, ಒಂದೇ ಸಾಲಿನಲ್ಲಿ ಕನ್ನಡವೂ ಇಂಗ್ಲಿಷೂ. ಕಿಟ್ಟೆಲರ ವಿದ್ವತ್ತಿನ ಬಗ್ಗೆ ಸಾಕಷ್ಟು ಬರೆದಿದ್ದಾರೆ. ವಿದ್ಯುತ್ ದೀಪವಿಲ್ಲದ ಕಾಲದಲ್ಲಿ ಆ ಮೊಳೆಗಳನ್ನು ಹೆಕ್ಕಿದವರ ಬಗ್ಗೆ ಯಾರೂ ಬರೆದಂತೆ ಕಾಣೆ.

ಆದರೂ ಒಂದು ಮಾತು. ಮೊಳೆಯ ಕೆಲಸದಲ್ಲಿ ಕಣ್ಣಿಗೆ ತಾನಾಗಿ ಬಿಡುವು ಸಿಗುತ್ತಿತ್ತು. ಮೊಳೆಗಳ ಮನೆಗಳಿರುವ ಕೇಸಿನ ಮುಂದೆ ನಿಂತೇ ಕೆಲಸ. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಗುಣಿತಾಕ್ಷರಕ್ಕೊಂದು ಮನೆಗೆ, ಒತ್ತಕ್ಷರಕ್ಕೊಂದು ಮನೆಗೆ ಓಡುತ್ತಿತ್ತು. ಪಳಗಿದವನಿಗೆ ಕಣ್ಣಿಗಿಂತ ಬೆರಳಿಗೇ ಮನೆಗಳ ಗುರುತು ಹೆಚ್ಚು. ಸ್ಟಿಕ್ಕು ತುಂಬಿದರೆ ಗ್ಯಾಲಿಗೆ ಇಳಿಸಬೇಕು, ದಾರ ಸುತ್ತಿ ಕಟ್ಟಬೇಕು, ಮಸಿ ಸವರಿ ಪ್ರೂಫ್ ತೆಗೆಯಬೇಕು. ಪ್ರೂಫ್ ತಿದ್ದಿ ಬರುವ ತನಕ ಬೀಡಿ, ಚಹಾ, ಟ್ರೆಡಲ್ ಮೆಷಿನ್ನಿನವನ ಜೊತೆ ಜಗಳ. ಸಂಜೆ ಮೊಳೆ ಬಿಚ್ಚಿ ಮನೆಮನೆಗೆ ಹಾಕುವ ಕೆಲಸ. ಸೀಸದ ವಿಷ ಇತ್ತು, ಕಾಲುನೋವು ಇತ್ತು. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಕಣ್ಣು ಒಂದೇ ಕಡೆ ಗಂಟೆಗಟ್ಟಲೆ ನಾಟಿ ನಿಲ್ಲುತ್ತಿರಲಿಲ್ಲ ಅಂದೆ, ಅಷ್ಟೆ.

ಕಂಪ್ಯೂಟರ್ ಬಂದದ್ದು ದೇವರು ಬಂದ ಹಾಗೆ. ಅದಕ್ಕೊಂದು ಎಸಿ ಕೋಣೆ, ಚಪ್ಪಲಿ ಹೊರಗೆ. ಅಂದಿನ ಪರದೆ ಉಬ್ಬುಗಾಜಿನದು, ಎದುರಿನ ಕಿಟಕಿ, ಮೇಲಿನ ಟ್ಯೂಬ್‌ಲೈಟು ಎಲ್ಲ ಅದರಲ್ಲಿ ಕಾಣುತ್ತಿತ್ತು. ಹೊಳಪು ತಡೆಯಲೆಂದು ಅದರ ಮುಂದೆ ಇನ್ನೊಂದು ಕಪ್ಪು ಗಾಜು ನೇತುಹಾಕುತ್ತಿದ್ದರು. ಅದಕ್ಕೆ ಧೂಳು ಮೆತ್ತಿದರೆ ಒರೆಸುವವರಿಲ್ಲ. ಕೊಳವೆಯೊಳಗಿನ ಚಿತ್ರ ಸೆಕೆಂಡಿಗೆ ಹಲವು ಹತ್ತು ಸಲ ಆರಿ ಹೊತ್ತುವಂಥದ್ದು, ಓರೆಗಣ್ಣಿನಲ್ಲಿ ನೋಡಿದರೆ ಪರದೆ ನಡುಗುತ್ತಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕನ್ನಡ ಬೆರಳಿಗೆ ಹಗುರವಾಯಿತು, ನಿಜ. ಆದರೆ ಜೋಡಣೆ, ಪ್ರೂಫ್, ತಿದ್ದುಪಡಿ, ಪುಟ ಎಲ್ಲವೂ ಒಂದೇ ಕುರ್ಚಿಗೆ ಬಂತು. ಏಳುವುದಕ್ಕೆ ನೆಪವೇ ಉಳಿಯಲಿಲ್ಲ.

ಪರದೆಯ ಮೊದಲ ದೊಡ್ಡ ಗಲಾಟೆಯೂ ಪತ್ರಿಕೆಯವರದೇ. 1977ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಇಬ್ಬರು ಎಳೆವಯಸ್ಸಿನ ನೌಕರರಿಗೆ ಕಣ್ಣಿನ ಪೊರೆ ಕಾಣಿಸಿಕೊಂಡಿತು. ಪರದೆಯ ವಿಕಿರಣವೇ ಕಾರಣವೆಂದು ನೌಕರರ ಸಂಘದವರು ಎದ್ದರು. ಸರ್ಕಾರಿ ತಜ್ಞರು ಅಳೆದು ನೋಡಿದರೆ ವಿಕಿರಣ ಮಿತಿಯೊಳಗೇ ಇತ್ತು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿಯೂ ಪರದೆಯಿಂದ ಕಣ್ಣಿನ ರೋಗ ಬರುತ್ತದೆಂಬುದಕ್ಕೆ ಪುರಾವೆ ಇಲ್ಲವೆಂದಿತು. ತೊಂದರೆ ಇರುವುದು ಬೆಳಕು, ಹೊಳಪು, ಮೇಜು ಕುರ್ಚಿ, ಕೆಲಸ ಹಂಚುವ ರೀತಿ ಇವುಗಳಲ್ಲಿ ಎಂದಿತು. ಯುರೋಪಿನವರು 1990ರಲ್ಲಿ ಅದನ್ನು ಕಾನೂನಿನ ಮಾತಿಗೇ ಇಳಿಸಿದರು: ಪರದೆಯ ಮುಂದೆ ಕೂರಿಸುವ ಮೊದಲು ಕಣ್ಣಿನ ಪರೀಕ್ಷೆ, ಬೇಕಾದರೆ ಕೆಲಸಕ್ಕೆಂದೇ ಕನ್ನಡಕ, ನಡುನಡುವೆ ಬಿಡುವು ಅಥವಾ ಬೇರೆ ಕೆಲಸ.

ಬಿಡುವು ಯಾಕೆ ಬೇಕೆನ್ನುವುದಕ್ಕೆ ಅಂಕಿಯೂ ಸಿಕ್ಕಿತು. 1993ರಲ್ಲಿ ಜಪಾನಿನ ತ್ಸುಬೋಟ ಮತ್ತು ನಕಮೋರಿ ಕಚೇರಿ ನೌಕರರ ಕಣ್ಣೆವೆ ಬಡಿತ ಎಣಿಸಿದರು. ಸುಮ್ಮನಿದ್ದಾಗ ನಿಮಿಷಕ್ಕೆ ಸರಾಸರಿ 22, ಪುಸ್ತಕ ಓದುವಾಗ 10, ಪರದೆಯ ಮುಂದೆ 7. ಎವೆ ಬಡಿಯದಿದ್ದರೆ ಕಣ್ಣೀರಿನ ಪದರ ಒಣಗುತ್ತದೆ. ಪರದೆ ಮೇಲಿದ್ದಷ್ಟೂ ಕಣ್ಣು ಅಗಲ ತೆರೆದು ಇನ್ನೂ ಬೇಗ ಒಣಗುತ್ತದೆ. ಪುಸ್ತಕವನ್ನು ತಗ್ಗಿ ಓದುತ್ತೇವೆ, ಪರದೆಯನ್ನು ತಲೆಯೆತ್ತಿ. ಪರದೆಯ ಮೇಲಂಚು ಕಣ್ಣಿಗಿಂತ ಸ್ವಲ್ಪ ಕೆಳಗಿರಲಿ ಅನ್ನುವುದು ಅದಕ್ಕೇ. ಎಸಿ ಗಾಳಿ ನೇರ ಮುಖಕ್ಕೆ ಬೀಸುತ್ತಿದ್ದರೆ ಕೇಳುವುದೇ ಬೇಡ. ಹತ್ತಿರಕ್ಕೆ ನೋಡುವಾಗ ಕಣ್ಣೊಳಗಿನ ಸ್ನಾಯು ಬಿಗಿದೇ ಇರಬೇಕಾದದ್ದು ಇನ್ನೊಂದು ದಣಿವು. ದೂರ ನೋಡಿದಾಗ ಮಾತ್ರ ಅದು ಸಡಿಲವಾಗುತ್ತದೆ.

ಈಗ ಅಂಗಡಿಗಳಲ್ಲಿ ನೀಲಿ ಬೆಳಕು ತಡೆಯುವ ಕನ್ನಡಕ ಮಾರುತ್ತಾರೆ. 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಕೂಡಿಸಿ ನೋಡಿ, ಸಾಮಾನ್ಯ ಕನ್ನಡಕಕ್ಕಿಂತ ಇದರಿಂದ ಕಣ್ಣಿನ ದಣಿವು ಕಡಿಮೆಯಾದಂತಿಲ್ಲ ಎಂದರು. ನನ್ನ ಮಟ್ಟಿಗೆ ಅದು ನಮ್ಮ ಹಳೆಯ ಕಪ್ಪು ಗಾಜಿನ ಮೊಮ್ಮಗ. ಅಮೆರಿಕದ ಕಣ್ಣಿನ ತಜ್ಞ ಜೆಫ್ರಿ ಆನ್ಶೆಲ್ ಹೇಳಿದ, ಈಗ ಎಲ್ಲರೂ ಒಪ್ಪಿಸುವ ಸೂತ್ರಕ್ಕೆ ಕಾಸು ಬೇಡ: 20 ನಿಮಿಷಕ್ಕೊಮ್ಮೆ, 20 ಅಡಿ ದೂರಕ್ಕೆ, 20 ಸೆಕೆಂಡು ನೋಡುವುದು. ರಾಮಾಜಿನಿಯೂ ಸೂಕ್ಷ್ಮ ಕೆಲಸದವರಿಗೆ ಹೇಳಿದ್ದು ಬಹುಪಾಲು ಇದನ್ನೇ: ತಲೆ ಬಗ್ಗಿಸಿಯೇ ಇರಬೇಡಿ, ಆಗಾಗ ಕೈಗೆಲಸ ಕೆಳಗಿಟ್ಟು ಬೇರೆ ಬೇರೆ ವಸ್ತುಗಳತ್ತ ಕಣ್ಣು ಹೊರಳಿಸಿ.

ಪುಟ ಕಟ್ಟುವ ಹುಡುಗರನ್ನು ಕೆಲಸಕ್ಕಿಟ್ಟುಕೊಂಡ ಯಜಮಾನರಲ್ಲಿ ನನ್ನದೊಂದು ಅರಿಕೆ ಇದೆ. ವರ್ಷಕ್ಕೊಮ್ಮೆ ಅವರ ಕಣ್ಣು ಪರೀಕ್ಷೆ ಮಾಡಿಸಿ, ಕಿಟಕಿಯ ಬೆಳಕು ಪರದೆಗೆ ಪಕ್ಕದಿಂದ ಬೀಳುವಂತೆ ಮೇಜು ತಿರುಗಿಸಿ, ಪ್ರಿಂಟರನ್ನು ಕುರ್ಚಿಯ ಪಕ್ಕದಿಂದ ಎತ್ತಿ ಕೋಣೆಯ ಆಚೆ ತುದಿಗಿಡಿ. ಪ್ರೂಫ್ ತರಲು ಎದ್ದವನನ್ನು ‘ಎಲ್ಲಿಗೆ ಹೊರಟೆ’ ಎಂದು ಕೇಳಬೇಡಿ.